ಲೀಟರಿಗೆ ಹದಿಮೂರು

ಹೊನ್ನೆಗುಂಡಿ ಎಸ್ಟೇಟಿನ ಮ್ಯಾನೇಜರ್ ನಿತೇಶ್ ಒಂದು ಬೆಳಿಗ್ಗೆ ಆಫೀಸಿನ ಜಗಲಿಯಲ್ಲಿ ನಿಂತು ನಕ್ಕ ನಗುವನ್ನು ಡ್ರೈವರ್ ಮುತ್ತ ಎರಡು ವರ್ಷದಿಂದ ಜತನವಾಗಿ ಕಾಪಾಡಿಕೊಂಡು ಬಂದಿದ್ದ. ದಿನಕ್ಕೊಂದು ಸಲವಾದರೂ ಅದನ್ನು ಹೊರಗೆ ತೆಗೆದು, ಒರೆಸಿ, ಮತ್ತೆ ಒಳಗಿಡುತ್ತಿದ್ದ. ಅದರ ಹೊಳಪು ಕಡಿಮೆಯಾಗಿರಲಿಲ್ಲ.

ಆವತ್ತು ಮುತ್ತನ ಕೈಯಲ್ಲಿ ಒಂದು ನೋಟ್‌ಬುಕ್ ಇತ್ತು. ಹದಿನೈದು ದಿನ ಎಸ್ಟೇಟಿನ ಹಳೇ ಜೀಪು ಎಷ್ಟು ಓಡಿತು, ಎಷ್ಟು ಡೀಸೆಲ್ ಕುಡಿಯಿತು ಎಂದು ದುಂಡಗಿನ ಅಕ್ಷರದಲ್ಲಿ ಬರೆದಿದ್ದ. ಲೀಟರಿಗೆ ಹತ್ತು ಕಿಲೋಮೀಟರ್ ಕೊಡುತ್ತಿದ್ದ ಜೀಪು ಹದಿಮೂರು ಕೊಟ್ಟಿತ್ತು. ಅದಕ್ಕೆ ಅವನು ಯಾವ ಔಷಧಿಯನ್ನೂ ಹಾಕಿರಲಿಲ್ಲ. ಕಣ್ಣು ಬಿಟ್ಟು ನೋಡಿದ್ದ, ಅಷ್ಟೆ. ಹೆಂಡತಿ ಬೆಳ್ಳಿಯ ಹತ್ತಿರ ಕೆಂಪು ಉಣ್ಣೆ ದಾರ ಇಸಿದುಕೊಂಡು, ಗೇಣುದ್ದ ತುಂಡು ಮಾಡಿ ಬಾನೆಟ್ಟಿಗೆ, ಟಾರ್ಪಾಲಿಗೆ, ಹಿಂದಿನ ಪರದೆಗೆ ಅಂಟಿಸಿ ಓಡಿಸಿದ್ದ. ದಾರ ಮಲಗಿದ ಕಡೆ ಗಾಳಿ ಸುಮ್ಮನೆ ಹರಿಯುತ್ತಿತ್ತು. ದಾರ ಹುಚ್ಚೆದ್ದು ಕುಣಿದ ಕಡೆ ಗಾಳಿ ಜೀಪನ್ನು ಹಿಂದಕ್ಕೆ ಎಳೆಯುತ್ತಿತ್ತು. ಅಂಥ ಕೆಲವು ಕಡೆ ತಗಡು ಕಟ್ಟಿ ಗಾಳಿಯ ದಾರಿ ಸರಿಮಾಡಿದ್ದ. ಸಮತಟ್ಟು ರಸ್ತೆಯಲ್ಲೂ ಜೀಪು ಒಂದು ಏರು ಹತ್ತುತ್ತಲೇ ಇರುತ್ತದೆ, ಆ ಏರು ಗಾಳಿಯದು ಎಂದು ಅವನಿಗೆ ಗೊತ್ತಾದದ್ದು ಹಾಗೆ.

ನಿತೇಶ್ ಎರಡು ಹಾಳೆ ತಿರುವಿದ.

“ಏನ್ ಮುತ್ತ, ಜೀಪನ್ನ ಹಾರಿಸ್ತೀಯಾ? ಎಷ್ಟನೇ ಕ್ಲಾಸು ಓದಿದ್ದು ನೀನು?”

“ಏಳು, ಸಾರ್.”

“ಏಳು! ಕೆಂಪಣ್ಣ, ನೋಡ್ರೀ ಇಲ್ಲಿ. ನಮ್ಮ ಎಸ್ಟೇಟಿಗೆ ಏಳನೇ ಕ್ಲಾಸಿನ ಇಂಜಿನಿಯರ್ ಬಂದವ್ರೆ. ಹೋಗು ಮಾರಾಯ, ಸ್ಟೇರಿಂಗ್ ತಿರುಗಿಸು, ಸಾಕು.”

ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಕೆಂಪಣ್ಣ ನಕ್ಕ. ಮ್ಯಾನೇಜರ್ ನಕ್ಕರೆ ನಗುವುದೂ ರೈಟರ್ ಕೆಲಸದಲ್ಲಿ ಸೇರಿತ್ತು. ಅಂಗಳದಲ್ಲಿ ನಿಂತ ಜೀಪಿನಲ್ಲಿ ಶಿರಂಗಾಲದಿಂದ ಕಾಫಿ ಕೊಯ್ಲಿಗೆ ಬಂದ ಹದಿನಾರು ಹೆಂಗಸರು ಕೂತಿದ್ದರು. ಅವರೂ ನಕ್ಕರು ಎಂದೇ ಮುತ್ತ ತಿಳಿದ. ಅವನು ತಿರುಗಿ ನೋಡಲಿಲ್ಲ.

ಸಂಜೆಯೊಳಗೆ ಜೀಪಿಗೆ ಹಾಕಿದ್ದನ್ನೆಲ್ಲ ಬಿಚ್ಚಿ ಶೆಡ್ಡಿನ ಹಿಂದೆ ಎಸೆದ. ನೋಟ್‌ಬುಕ್ಕನ್ನು ಒಲೆಗೆ ಹಾಕಿದ. ಮುಂದಿನ ವಾರ ಯಾವನೋ ಟೈ ಕಟ್ಟಿದವನು ಬಂದು ಡೀಸೆಲ್ ಪೈಪಿಗೆ ಒಂದು ಆಯಸ್ಕಾಂತ ಸಿಕ್ಕಿಸಿ, ಇನ್ನು ಮೈಲೇಜ್ ತಾನಾಗಿ ಬರುತ್ತದೆ ಅಂದ. ಅವನಿಗೆ ಕಾಫಿ ಕೊಟ್ಟರು, ಚೆಕ್ಕೂ ಕೊಟ್ಟರು. ಮೊದಲ ಮಳೆಗೆ ಆಯಸ್ಕಾಂತ ಎಲ್ಲೋ ಬಿದ್ದುಹೋಯಿತು. ಯಾರೂ ಹುಡುಕಲಿಲ್ಲ.

ಅಷ್ಟಕ್ಕೇ ಆಗಿದ್ದರೆ ಮುತ್ತ ಕಳ್ಳನಾಗುತ್ತಿರಲಿಲ್ಲವೇನೋ. ಆದರೆ ಮರುವರ್ಷ ಮೆಣಸು ಕೊಯ್ಯುವಾಗ ಬೆಳ್ಳಿ ಏಣಿಯಿಂದ ಬಿದ್ದಳು. ಸೊಂಟದ ಮೂಳೆ ಕೂಡಿಕೊಂಡಿತು, ನಡಿಗೆ ಕೂಡಿಕೊಳ್ಳಲಿಲ್ಲ. ಮೆಣಸು ಕಂಟ್ರಾಕ್ಟಿನ ಕೆಲಸ, ಅವಳು ಆ ವಾರ ನಮ್ಮ ಆಳಲ್ಲ ಎಂದು ಆಫೀಸು ಹೇಳಿತು. ಹನ್ನೊಂದು ವರ್ಷ ಎಸ್ಟೇಟಿನ ಆಳಾಗಿದ್ದವಳು ಬಿದ್ದ ವಾರ ಮಾತ್ರ ಯಾರ ಆಳೂ ಆಗಿರಲಿಲ್ಲ. ಆಳುಗಳಿಗೆ ಎಸ್ಟೇಟು ಕೊಟ್ಟ ಲೈನ್ ಮನೆಯ ಹೊಸ್ತಿಲಲ್ಲಿ ಕೂತು ಅವಳು ಈಗ ದಾರಿ ನೋಡುತ್ತಿದ್ದಳು. ಆ ಮನೆಯೂ ಮುತ್ತ ಸ್ಟೇರಿಂಗ್ ತಿರುಗಿಸುವಷ್ಟು ದಿನ ಮಾತ್ರ.

ಶನಿವಾರಸಂತೆಯಲ್ಲಿ ಕಾಮಾಕ್ಷಮ್ಮ ಎಂಬ ವಿಧವೆಯ ಕೊಟ್ಟಿಗೆಯಲ್ಲಿ ಒಂದು ಹಳೆಯ ಪಿಕಪ್ ನಿಂತಿತ್ತು. ಗಂಡನ ಕಾಲದ್ದು. ಇಂಜಿನ್ನಿನ ಸದ್ದು ಕೇಳಿಯೇ ಮುತ್ತನಿಗೆ ಅದರ ಆಯಸ್ಸು ಗೊತ್ತಾಯಿತು. ಅದೊಂದಿದ್ದರೆ ಲೈನ್ ಮನೆ ಬೇಡ, ಸಲಾಮು ಬೇಡ. ಸಂತೆಗೆ ತರಕಾರಿ ಹೊತ್ತು, ಬೆಳ್ಳಿಯನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಬದುಕಬಹುದು.

“ಶಿವರಾತ್ರಿವರ್ಗೆ ಇಟ್ಕೊಂಡಿರ್ತೀನಪ್ಪ,” ಅಂದಳು ಕಾಮಾಕ್ಷಮ್ಮ. “ಆಮೇಲೆ ಬಂದ್ರೆ ಕೊಟ್ಟಿಗೇಲಿ ಬರೀ ಎಣ್ಣೆ ಕಲೆ ಇರ್ತದೆ ನೋಡು.”

ಹೆಂಡತಿಯ ಬಳೆ ಮಾರಿದರೆ ಮುಂಗಡದ ಅರ್ಧ ಆಗುತ್ತಿತ್ತು. ಉಳಿದರ್ಧ ಜೀಪಿನ ಒಳಗೇ ಇದೆ ಎಂದು ಮುತ್ತನಿಗೆ ಹೊಳೆದದ್ದು ಚೆಟ್ಟಳ್ಳಿ ಏರಿನ ಎರಡನೇ ತಿರುವಿನಲ್ಲಿ. ಹೊಳೆದ ಕೂಡಲೇ ಅವನು ಗೇರ್ ಇಳಿಸುವುದನ್ನೂ ಮರೆತ.

ಯೋಚನೆ ಎಷ್ಟು ಸರಳವಾಗಿತ್ತೆಂದರೆ ಅವನಿಗೇ ನಾಚಿಕೆಯಾಯಿತು. ಕೊಯ್ಲಿನ ಕಾಲದಲ್ಲಿ ಬೆಳಗಿನ ಜಾವ ಖಾಲಿ ಜೀಪು ಶಿರಂಗಾಲಕ್ಕೆ ಹೋಗಿ ಹೆಂಗಸರನ್ನು ತರಬೇಕು, ಸಂಜೆ ಬಿಟ್ಟು ಖಾಲಿ ವಾಪಸಾಗಬೇಕು. ನಡುವೆ ತೋಟದೊಳಗೆ ಹಣ್ಣಿನ ಚೀಲ ಹೊರಬೇಕು. ಕೆಂಪಣ್ಣ ಓಡಿದ ಕಿಲೋಮೀಟರನ್ನು ಹತ್ತರಿಂದ ಭಾಗಿಸಿ ಡೀಸೆಲ್ ಚೀಟಿ ಬರೆಯುತ್ತಾನೆ. ಅವನ ಹಿಂದಿನ ರೈಟರೂ ಹತ್ತರಿಂದಲೇ ಭಾಗಿಸುತ್ತಿದ್ದ. ಜೀಪು ಹದಿಮೂರು ಕೊಟ್ಟರೆ ದಿನಕ್ಕೆ ನಾಲ್ಕು ಲೀಟರು ಟ್ಯಾಂಕಿನಲ್ಲೇ ಉಳಿಯುತ್ತದೆ. ಮೀಟರ್ ಸುಳ್ಳು ಹೇಳುವುದಿಲ್ಲ, ಚೀಟಿ ಸುಳ್ಳು ಹೇಳುವುದಿಲ್ಲ, ಬಂಕಿನವನೂ ಹೇಳುವುದಿಲ್ಲ. ಕದ್ದ ಮಾಲು ಯಾರ ಮನೆಯಿಂದಲೂ ಕಡಿಮೆಯಾಗಿರುವುದಿಲ್ಲ. ಕಡಿಮೆಯಾಗಿಲ್ಲದ್ದನ್ನು ಯಾರು ಹುಡುಕುತ್ತಾರೆ? ಅವರು ನಕ್ಕು ಬಿಸಾಕಿದ್ದನ್ನೇ ಅವನು ಹೆಕ್ಕಿಕೊಳ್ಳುತ್ತಿದ್ದ.

ಕೊಯ್ಲಿಗೆ ಮುಂಚಿನ ಮಳೆಗಾಲವನ್ನೆಲ್ಲ ಅವನು ಅದಕ್ಕೆ ಕೊಟ್ಟ. ಜೀಪಿನ ಸರ್ವಿಸು ಅವನೇ ಮಾಡುತ್ತಿದ್ದುದರಿಂದ ಬಾನೆಟ್ಟು ಬೇರೆಯವರಿಗೆ ಬಾಯಿ ತೆರೆಯುತ್ತಿರಲಿಲ್ಲ. ಹೋದ ಸಲ ಎಲ್ಲವನ್ನೂ ಹೆಮ್ಮೆಯಿಂದ ಕಾಣುವ ಹಾಗೆ ಮಾಡಿದ್ದ. ಈ ಸಲ ಒಂದೂ ಕಾಣಬಾರದು.

ಮೊದಲು ಹೊಟ್ಟೆ. ಜೀಪಿನ ಅಡಿಯಲ್ಲಿ ಕೊಳವೆ, ಸರಳು, ಪೆಟ್ಟಿಗೆ ಎಲ್ಲ ನೇತಾಡುತ್ತವೆ. ಗಾಳಿ ಒಂದೊಂದಕ್ಕೂ ತಗಲಿ ತಡವರಿಸುತ್ತದೆ. ಮುಂದಿನಿಂದ ಹಿಂದಿನವರೆಗೆ ತೆಳು ತಗಡು ಹಾಸಿ, ಅದಕ್ಕೆ ಗ್ರೀಸು ಬಳಿದು ಕೆಸರು ಮೆತ್ತಿದ. ಒಣಗಿದ ಮೇಲೆ ಅದು ಹುಟ್ಟಾ ಜೀಪಿನ ಹೊಟ್ಟೆಯೇ. ಆಮೇಲೆ ಟಾರ್ಪಾಲು. ಪಟಪಟ ಹೊಡೆದುಕೊಳ್ಳುತ್ತಿದ್ದುದನ್ನು ಬಿಗಿಯಾಗಿ ಎಳೆದು ಹೊಲಿದು, ಹಿಂದಕ್ಕೆ ಸ್ವಲ್ಪ ಇಳಿಜಾರು ಕೊಟ್ಟ. ಕೇಳಿದವರಿಗೆ, ಮಳೆ ನೀರು ನಿಲ್ಲಬಾರದಲ್ಲ, ಅಂದ. ಮುಂದಿನ ಜಾಲರಿಯ ಹಿಂದೆ ಅರ್ಧಕ್ಕೆ ತಗಡು ನಿಲ್ಲಿಸಿದ, ಬೇಕಾದಷ್ಟೇ ಗಾಳಿ ಒಳಗೆ ಬರಲಿ ಎಂದು.

ಕಷ್ಟವಿದ್ದದ್ದು ಇಂಜಿನ್ನನ್ನು ತಂಪಾಗಿಡುವುದರಲ್ಲಿ. ಗಾಳಿ ತಡೆದರೆ ಮೈಲೇಜ್ ಬರುತ್ತದೆ, ಚೆಟ್ಟಳ್ಳಿ ಏರಿನಲ್ಲಿ ಹೊಗೆಯೂ ಬರುತ್ತದೆ. ಹೊಗೆ ಬಂದರೆ ಜನ ಸೇರುತ್ತಾರೆ. ಮುತ್ತ ನಾಲ್ಕು ವಾರ ಅದನ್ನೇ ಯೋಚಿಸಿದ. ಜೀಪಿನ ರೇಡಿಯೇಟರಿನ ಸುತ್ತ ಸಂದುಗಳಿದ್ದವು. ಬಂದ ಗಾಳಿಯಲ್ಲಿ ಅರ್ಧ ರೇಡಿಯೇಟರನ್ನು ಮುಟ್ಟದೆ ಪಕ್ಕದಿಂದ ನುಸುಳಿ ಹೋಗುತ್ತಿತ್ತು. ಹಳೇ ಟ್ಯೂಬಿನ ರಬ್ಬರು ಕತ್ತರಿಸಿ ಆ ಸಂದುಗಳನ್ನು ಮುಚ್ಚಿದ. ಈಗ ಒಳಗೆ ಬಂದ ಒಂದೊಂದು ಉಸಿರೂ ರೇಡಿಯೇಟರನ್ನು ಹಾಯ್ದೇ ಹೋಗಬೇಕು. ಇಂಜಿನ್ನಿಗೆ ಕಟ್ಟಿದ ದೊಡ್ಡ ಫ್ಯಾನು ಚಳಿಯಲ್ಲೂ ಇಳಿಜಾರಿನಲ್ಲೂ ಬಿಡದೆ ತಿರುಗಿ ಡೀಸೆಲ್ ತಿನ್ನುತ್ತಿತ್ತು. ಅದನ್ನು ಬಿಚ್ಚಿ, ಕುಶಾಲನಗರದ ಗುಜರಿಯಲ್ಲಿ ಸಿಕ್ಕ ಕಾರಿನ ಕರೆಂಟಿನ ಫ್ಯಾನು ಕೂರಿಸಿದ. ಸ್ವಿಚ್ಚು ಸೀಟಿನ ಕೆಳಗೆ, ಎಡಗೈಗೆ ಸಿಕ್ಕುವ ಹಾಗೆ. ಕಡಿದಾದ ಏರಿನಲ್ಲಿ ಮಾತ್ರ ಒತ್ತಿದರೆ ಸಾಕು. ಕೊನೆಗೆ ಬಿಸಿ ಗಾಳಿಗೆ ದಾರಿ. ಬಾನೆಟ್ಟಿನ ಪಕ್ಕದ ಸೀಳುಗಳಿಂದ ಅದು ಹೊರಗೆ ನುಗ್ಗಿ, ಪಕ್ಕದಲ್ಲಿ ಹರಿಯುವ ಗಾಳಿಯನ್ನು ಕೆಡಿಸುತ್ತಿತ್ತು. ದಾರ ಅಲ್ಲೇ ಜಾಸ್ತಿ ಕುಣಿದಿತ್ತು. ಸೀಳುಗಳಿಗೆ ಒಳಗಿನಿಂದ ತಗಡು ಹೊಡೆದು, ಬಿಸಿಯನ್ನೆಲ್ಲ ಕೆಳಗಿನಿಂದ ಹಿಂದಕ್ಕೆ ಸಾಗಹಾಕಿದ.

ಎಡಗಡೆ ಮಡ್‌ಗಾರ್ಡಿನ ಮೇಲೆ, ಆ ಸೀಳುಗಳಿಗೆ ತಾಗಿದ ಹಾಗೆ, ಮುಚ್ಚಳದ ಒಂದು ತಗಡಿನ ಪೆಟ್ಟಿಗೆ ಇತ್ತು. ಮದುವೆಯಾದ ವರ್ಷ ಮುತ್ತನೇ ಬೆಸುಗೆ ಹಾಕಿದ್ದು. ತೋಟದಲ್ಲಿ ಬುತ್ತಿ ಇಟ್ಟರೆ ಮಂಗ ಬಿಡುವುದಿಲ್ಲ, ಬೆಳ್ಳಿಯ ಡಬ್ಬಿ ಜೀಪಿನಲ್ಲಿರಲಿ ಎಂದು ಮಾಡಿದ್ದ. ಬರಬರುತ್ತ ಎಲ್ಲ ಹೆಂಗಸರ ಡಬ್ಬಿಗಳೂ ಅದರೊಳಗೆ ಸೇರಿದವು. ಮಧ್ಯಾಹ್ನ ಜೀಪು ಕೊಯ್ಲಿನ ಜಾಗಕ್ಕೆ ಹೋದಾಗ ಎತ್ತಿಕೊಳ್ಳುತ್ತಿದ್ದರು. ಬೆಳ್ಳಿ ಮನೆಯಲ್ಲಿ ಕೂತ ಮೇಲೆ ಮುತ್ತ ಊಟಕ್ಕೆ ಲೈನಿಗೇ ಹೋಗುತ್ತಿದ್ದ. ಪೆಟ್ಟಿಗೆಯನ್ನು ಕಿತ್ತರೆ ಗಾಳಿಗೆ ಇನ್ನೂ ಅನುಕೂಲವಾಗುತ್ತಿತ್ತು, ಆದರೆ ಇದ್ದದ್ದು ಇಲ್ಲವಾದರೆ ಜನ ಕೇಳುತ್ತಾರೆ. ಅದಕ್ಕೆ ಮುಂದಿನಿಂದ ಓರೆಯಾಗಿ ಒಂದು ತಗಡು ಕೂರಿಸಿ, ಧೂಳು ಹೋಗಬಾರದು ನೋಡಿ ಅಂದ. ಹೆಂಗಸರು ಖುಷಿಪಟ್ಟರು.

ಟ್ಯಾಂಕಿನ ಕೆಳಗೆ ಒಂದು ಸಣ್ಣ ನಲ್ಲಿ ಹಾಕಿ, ಹೊಟ್ಟೆಯ ತಗಡಿನಲ್ಲಿ ಬೆರಳು ತೂರುವಷ್ಟು ಕಿಂಡಿ ಬಿಟ್ಟಲ್ಲಿಗೆ ಕೆಲಸ ಮುಗಿಯಿತು.

ಕೊಯ್ಲಿನ ಮೊದಲ ದಿನ, ಹದಿನಾರು ಜನರನ್ನು ಹೊತ್ತ ಜೀಪು ಚೆಟ್ಟಳ್ಳಿ ಏರು ಹತ್ತುವಾಗ ಮುತ್ತ ರಸ್ತೆಗಿಂತ ಹೆಚ್ಚಾಗಿ ಮುಳ್ಳನ್ನು ನೋಡಿದ. ಬಿಸಿ ತೋರಿಸುವ ಮುಳ್ಳು ನಡುವಿಗೆ ಬಂದು ನಿಂತಿತು. ಮೇಲೆ ಹೋಗಲಿಲ್ಲ. ಹಿಂದೆ ಹೆಂಗಸರು ಯಾರದೋ ಮದುವೆಯ ಸಾರಿನ ವಿಷಯ ಮಾತಾಡುತ್ತಿದ್ದರು. ಅವನ ಬದುಕಿನ ದೊಡ್ಡ ಗೆಲುವಿಗೆ ಸಾಕ್ಷಿಯಾಗಿ ಕೂತವರಿಗೆ ಸಾರಿನ ಉಪ್ಪು ಹೆಚ್ಚಾದದ್ದೇ ದೊಡ್ಡದಾಗಿತ್ತು. ಹೊಗಳುವವರಿಲ್ಲದ ಜಾಣತನ ಎಷ್ಟು ಕಹಿ ಎಂದು ಅವನಿಗೆ ಅಂದು ಗೊತ್ತಾಯಿತು. ಆ ಕಹಿಯನ್ನೂ ನಗುವಿನ ಪಕ್ಕದಲ್ಲೇ ಇಟ್ಟುಕೊಂಡ.

ಸಂಜೆ ಹೆಂಗಸರನ್ನು ಇಳಿಸಿ, ಶಿರಂಗಾಲದ ಹೊರಗೆ ಡೀಸೆಲ್ ಕೊಳ್ಳುತ್ತಿದ್ದ ಸಿದ್ದರಾಜುವಿನ ಶುಂಠಿ ಹೊಲದ ಪಂಪ್‌ಸೆಟ್ ಮನೆಯ ಪಕ್ಕ ಜೀಪು ನಿಲ್ಲಿಸುತ್ತಿದ್ದ. ಕ್ಯಾನು ತುಂಬಲು ಬೀಡಿ ಮುಗಿಯುವಷ್ಟು ಹೊತ್ತು ಬೇಕಾಗಿತ್ತು.

“ಎಲ್ಲಿಂದ ತರ್ತೀಯಣ್ಣ ಇಷ್ಟನ್ನ?” ಸಿದ್ದರಾಜು ಒಮ್ಮೆ ಕೇಳಿದ.

“ಗಾಳಿಯಿಂದ,” ಅಂದ ಮುತ್ತ. ಸಿದ್ದರಾಜು ಬಿದ್ದು ಬಿದ್ದು ನಕ್ಕ. ಅದು ನಿಜವೆಂದು ತಿಳಿದವನು ಲೋಕದಲ್ಲಿ ಒಬ್ಬನೇ ಇದ್ದ.

ಮುತ್ತ ಎಚ್ಚರಿಕೆ ಬಿಡಲಿಲ್ಲ. ನಾಲ್ಕರ ಮೇಲೆ ಐದನೇ ಲೀಟರಿಗೆ ಆಸೆಪಡಲಿಲ್ಲ. ಕೈಗೆ ಡೀಸೆಲ್ ವಾಸನೆ ಡ್ರೈವರಿಗೆ ಸಹಜವೆಂದು ಬಿಡಲಿಲ್ಲ, ಬೂದಿ ಹಾಕಿ ತೊಳೆದ. ಬೆಳ್ಳಿಗೂ ಹೇಳಲಿಲ್ಲ. ತಿಂಗಳಿಗೊಮ್ಮೆ ಆಫೀಸಿನ ಮುಂದೆ ನಿಂತು ತಲೆ ಕೆರೆದುಕೊಂಡ.

“ಸಾರ್, ಜೀಪಿಗೆ ವಯಸ್ಸಾಯ್ತು. ಹತ್ತು ಕೊಡಲ್ಲ ಅಂತದೆ. ಒಂಬತ್ತರ ಲೆಕ್ಕಕ್ಕೆ ಡೀಸೆಲ್ ಬರೆದ್ರೆ…”

“ಹತ್ತು ಅಂದ್ರೆ ಹತ್ತು,” ಅಂದ ನಿತೇಶ್. “ನೀನು ಇಂಜಿನಿಯರ್ ಅಲ್ವಾ, ಏನಾದ್ರೂ ಮಾಡು.”

ಮುತ್ತ ತಲೆ ತಗ್ಗಿಸಿ ಮೆಟ್ಟಿಲಿಳಿದ. ತಗ್ಗಿಸಿದ್ದು ನಗು ಕಾಣಬಾರದೆಂದು. ಹತ್ತು ಸಾಲದು ಎಂದು ಅಳುವವನನ್ನು ಹದಿಮೂರು ಓಡಿಸುತ್ತಾನೆಂದು ಯಾವ ದೇವರೂ ಅನುಮಾನಿಸಲಾರ.

ಆ ವರ್ಷ ಚಳಿಯೂ ಜೋರಿತ್ತು. ಡಿಸೆಂಬರ್ ಕಳೆದರೂ ಹತ್ತು ಗಂಟೆಯವರೆಗೆ ಮಂಜು ಏಳುತ್ತಿರಲಿಲ್ಲ. ಹೆಂಗಸರಲ್ಲಿ ಹಿರಿಯಳಾದ ಲಿಂಗಮ್ಮ ಶಿರಂಗಾಲಕ್ಕೆ ಸೊಸೆಯಾಗಿ ಬಂದ ಕಾಲದಿಂದ ಕೊಡಗಿನ ಚಳಿಯನ್ನು ಬಯ್ಯುತ್ತ ಬಂದವಳು.

“ಏನ್ಲಾ ಮುತ್ತ, ಈ ವರ್ಷ ಮುದ್ದೆ ಮುರಿಯಕ್ಕೆ ಕತ್ತಿ ತರಬೇಕು ಕಣ್ಲಾ. ಕಲ್ಲಾಗೋಯ್ತದೆ.”

“ಚಳಿ ಕಣಕ್ಕ. ನಾನೇನ್ ಮಾಡ್ಲಿ, ಸೂರ್ಯನ್ನ ಹೊತ್ಕೊಂಡ್ ಬರ್ಲಾ?”

“ತಂದ್ರೂ ತಂದೀಯ, ನೀನು ಇಂಜಿನೇರು,” ಅಂದಳು ಲಿಂಗಮ್ಮ. ಹೆಂಗಸರು ನಕ್ಕರು. ರಂಜಿತಾ ಎಂಬ ಹುಡುಗಿಯೊಬ್ಬಳು, ಇಡೀ ದಿನ ನಾಲ್ಕು ಮಾತಾಡದವಳು, ಡಬ್ಬಿ ಎತ್ತಿಕೊಳ್ಳುವಾಗ ನಗದೆ ಪೆಟ್ಟಿಗೆಯ ತಗಡಿನ ಮೇಲೆ ಅಂಗೈ ಇಟ್ಟು ಒಂದು ಗಳಿಗೆ ನಿಂತಳು. ಮುತ್ತ ಅದನ್ನು ನೋಡಲಿಲ್ಲ. ಅವನಿಗೆ ಕೇಳಿಸಿದ್ದು ಇಂಜಿನೇರು ಎಂಬ ಮಾತು ಮಾತ್ರ. ಇವರೂ ಮರೆತಿಲ್ಲ, ಎಂದುಕೊಂಡ. ಲೈನಿನ ಕಡೆಗೆ ಜೀಪನ್ನು ತಿರುಗಿಸುವಾಗ ಬೇಕೆಂದೇ ಕೆಂಪು ಧೂಳೆಬ್ಬಿಸಿದ.

ಶಿವರಾತ್ರಿಗೆ ಎಂಟು ದಿನವಿತ್ತು. ಶುಕ್ರವಾರ ಸಂಜೆ ಸಿದ್ದರಾಜು ಕೊಟ್ಟ ದುಡ್ಡನ್ನು ಸೇರಿಸಿದರೆ ಇನ್ನೊಂದೇ ಕ್ಯಾನು ಬಾಕಿ. ಶನಿವಾರ ಸಂಜೆ ಅದನ್ನೂ ಇಳಿಸಿ, ಭಾನುವಾರ ಎಲ್ಲರೂ ಸಂತೆ ಮಾಡುವಾಗ ಶೆಡ್ಡಿನಲ್ಲಿ ಎಲ್ಲವನ್ನೂ ಬಿಚ್ಚಿಬಿಡುವುದು: ಹೊಟ್ಟೆಯ ತಗಡು, ರಬ್ಬರು, ಫ್ಯಾನು, ಸೀಳಿನ ತಗಡು, ನಲ್ಲಿ. ಸೋಮವಾರದಿಂದ ಜೀಪು ಮತ್ತೆ ಹತ್ತು ಕೊಡುತ್ತದೆ. ಶಿವರಾತ್ರಿಯ ಮಾರನೇ ದಿನ ಕೀಲಿಕೈಯನ್ನು ನಿತೇಶನ ಮೇಜಿನ ಮೇಲಿಟ್ಟು ಹೊರಡುವುದು. ಆಗ ಏನು ಹೇಳಬೇಕೆಂದೂ ಯೋಚಿಸಿಟ್ಟಿದ್ದ: “ಸ್ಟೇರಿಂಗ್ ತಿರುಗಿಸಿದ್ದು ಸಾಕಾಯ್ತು ಸಾರ್.” ಅದಕ್ಕಿಂತ ಒಂದು ಅಕ್ಷರ ಹೆಚ್ಚು ಬೇಡ.

ಶನಿವಾರ ಮಧ್ಯಾಹ್ನ ಲೈನಿನಲ್ಲಿ ಊಟ ಮುಗಿಸಿ ಕೈ ತೊಳೆಯುತ್ತಿದ್ದಾಗ ಕೆಂಪಣ್ಣ ಬಂದ.

“ಆಫೀಸಿಗೆ ಬರಬೇಕಂತೆ. ಜೀಪು ಅಲ್ಲೇ ತಂದು ನಿಲ್ಸು.”

“ಯಾಕಂತೆ?”

“ನಂಗೇನ್ ಗೊತ್ತು ಮಾರಾಯ. ಹೆಂಗಸರೆಲ್ಲ ಬೆಳಿಗ್ಗೆ ಹೋಗಿದ್ರು ಅವರ ಹತ್ರ.”

ಬೆಳ್ಳಿ ಹೊಸ್ತಿಲಿನಿಂದ ಅವನ ಮುಖ ನೋಡಿದಳು. “ಏನಾಯ್ತು?”

“ಏನಿಲ್ಲ. ಸಂಜೆ ಬರ್ತೀನಿ,” ಅಂದ.

ಆಫೀಸಿನ ಅಂಗಳದವರೆಗಿನ ಇಳಿಜಾರಿನಲ್ಲಿ ಮುತ್ತ ಎಲ್ಲದರ ಮೇಲೂ ಮನಸ್ಸಿನಲ್ಲೇ ಇನ್ನೊಮ್ಮೆ ಕಣ್ಣಾಡಿಸಿದ. ಮೀಟರ್ ಸರಿ. ಚೀಟಿ ಸರಿ. ಸಿದ್ದರಾಜು ಬಾಯಿ ಬಿಟ್ಟರೆ ಅವನೇ ಸಿಕ್ಕಿಬೀಳುತ್ತಾನೆ, ಬಿಡುವುದಿಲ್ಲ. ಹೆಂಗಸರು? ಅವರು ಇಳಿದು ಮನೆ ಸೇರಿದ ಮೇಲೇ ಪಂಪ್‌ಸೆಟ್ ಮನೆ. ಅವರಿಗೆ ಡೀಸೆಲ್ಲೂ ಒಂದೇ, ಸೀಮೆಎಣ್ಣೆಯೂ ಒಂದೇ. ಜೀಪು ನಿಲ್ಲಿಸಿ ಇಳಿದಾಗ ಅಂಗಳದಲ್ಲಿ ಹದಿನಾರೂ ಜನ ನಿಂತಿದ್ದರು. ಲಿಂಗಮ್ಮ ಅವನಿಗೆ ಕಣ್ಣು ಮಿಟುಕಿಸಿದಳು. ಅದರ ಅರ್ಥ ಅವನಿಗೆ ಆಗಲಿಲ್ಲ. ನೆರಳಲ್ಲಿ ಕುಶಾಲನಗರದ ಗ್ಯಾರೇಜಿನ ಆನಂದ್, ಸ್ಪ್ಯಾನರಿನ ಚೀಲ ಪಕ್ಕದಲ್ಲಿಟ್ಟುಕೊಂಡು ಕಾಫಿ ಕುಡಿಯುತ್ತಿದ್ದ.

“ಕೂತ್ಕೋ ಮುತ್ತ,” ಅಂದ ನಿತೇಶ್. ಆ ಕುರ್ಚಿಯಲ್ಲಿ ಮುತ್ತ ಎಂದೂ ಕೂತಿರಲಿಲ್ಲ. ಮೇಜಿನ ಮೇಲೆ ಚೀಟಿಯ ಪುಸ್ತಕ ಇರಲಿಲ್ಲ. ಬುತ್ತಿಯ ಒಂದು ಅಲ್ಯೂಮಿನಿಯಂ ಡಬ್ಬಿ ಮಾತ್ರ ಇತ್ತು. “ನೀನು ಬಾಯಿ ಬಿಟ್ಟು ಹೇಳೋನಲ್ಲ. ಜೀಪಿಗೆ ವಯಸ್ಸಾಯ್ತು ಅಂತ ಎರಡು ಮೂರು ಸಲ ಬಂದೆ, ನಾನೇ ತಮಾಷೆ ಮಾಡಿ ಕಳಿಸ್ದೆ. ಇವತ್ತು ಲಿಂಗಮ್ಮ ನನಗೆ ಮುಖಕ್ಕೇ ಹೇಳಿದ್ಲು. ಆವತ್ತು ನೀವು ನಕ್ಕಿದ್ದು ತಪ್ಪು ಸ್ವಾಮಿ, ನಾವ್ಯಾರೂ ನಗಲಿಲ್ಲ, ಆ ಗಂಡಸು ಬೇಜಾರು ಮಾಡ್ಕೊಂಡು ಆಮೇಲೆ ಜೀಪನ್ನೇ ರಿಪೇರಿ ಮಾಡಲ್ಲ, ನೀವೇ ಮಾಡಿಸ್ಕೊಡಿ ಅಂತ. ಮಾಡಿಸ್ಕೊಡದಿದ್ರೆ ಸೋಮವಾರದಿಂದ ಕೊಯ್ಲಿಗೆ ಬರಲ್ವಂತೆ. ಅದಕ್ಕೇ ಆನಂದನ್ನ ಕರೆಸ್ದೆ. ಖರ್ಚು ಎಸ್ಟೇಟಿಂದು.”

ಹೊರಗೆ ಬಾನೆಟ್ಟಿನ ಕೊಂಡಿ ಬಿಚ್ಚಿದ ಸದ್ದಾಯಿತು. “ರಿಪೇರಿ ಯಾತಕ್ಕೆ ಸಾರ್?” ಎಂದು ಮುತ್ತ ಕೇಳಿದ. ಅವನ ದನಿ ಅವನಿಗೇ ದೂರದಿಂದ ಕೇಳಿತು. ನಿತೇಶ್ ಡಬ್ಬಿಯನ್ನು ಅವನ ಕಡೆ ತಳ್ಳಿದ. ಮುತ್ತ ಮುಟ್ಟಿದ. ಹನ್ನೊಂದು ವರ್ಷ ಮಧ್ಯಾಹ್ನ ಮಧ್ಯಾಹ್ನ, ಸೀಳುಗಳಿಂದ ನುಗ್ಗಿದ ಇಂಜಿನ್ನಿನ ಬಿಸಿಗೆ ಪೆಟ್ಟಿಗೆಯೊಳಗಿನ ಅನ್ನ ಹಬೆಯಾಡುತ್ತಿತ್ತು. ಆ ಬಿಸಿಗಾಗಿಯೇ ತಾನು ಪೆಟ್ಟಿಗೆಯನ್ನು ಅಲ್ಲಿ, ಆ ಸೀಳುಗಳ ಬಾಯಿಗೇ ಬೆಸುಗೆ ಹಾಕಿದ್ದು, ಮೊದಲ ದಿನ ಬೆಳ್ಳಿ ಮುಚ್ಚಳ ತೆಗೆದು ಹಬೆಗೆ ಮುಖವೊಡ್ಡಿ ನಕ್ಕದ್ದು, ಎಲ್ಲವೂ ಈಗ ನೆನಪಾಯಿತು. ಬೇರೆಯವರ ನಗುವನ್ನು ಕಾಯುವುದರಲ್ಲಿ ಈ ನಗುವನ್ನು ಎಲ್ಲೋ ಇಟ್ಟು ಮರೆತಿದ್ದ. ಪೋಲಾಗುತ್ತಿದೆ ಎಂದು ಅವನು ತಡೆದು ಮಾರಿದ ಬಿಸಿಯನ್ನು ದಿನಾ ಹದಿನಾರು ಜನ ಉಣ್ಣುತ್ತಿದ್ದರು. ಡಬ್ಬಿ ಹೊಳೆಯ ಕಲ್ಲಿನ ಹಾಗೆ ತಣ್ಣಗಿತ್ತು. ಅಂಗಳದಿಂದ ಆನಂದನ ದನಿ ಬಂತು: “ಸಾರ್, ಈ ಸೀಳಿಗೆಲ್ಲ ಯಾರೋ ಒಳಗಿಂದ ತಗಡು ಹೊಡ್ದಿದಾರೆ… ಅಡಿಗೂ ಇದೆ, ಪೂರ್ತಿ… ಅರೆ, ಟ್ಯಾಂಕಿಗೆ ನಲ್ಲಿ ಯಾತಕ್ಕೆ? ಸ್ವಲ್ಪ ಬನ್ನಿ ಸಾರ್ ಇಲ್ಲಿ.”